ಮೂರು ಸಲ ಒಲ್ಲೆ

ಲಂಡನ್ನಿಗೆ ಹೋಗಿ ಮೂರು ತಿಂಗಳು ಹಸಿದು ಬಂದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. "ಅಲ್ಲೆ ಎಲ್ಲಾ ಸಿಗತದಂತಲ್ಲರೀ ಟೀಚರ್?" ಎನ್ನುತ್ತಾರೆ. ಸಿಗುತ್ತದೆ. ಜೋಳದ ಹಿಟ್ಟು ಸಿಗುತ್ತದೆ, ಮುಳಗಾಯಿ ಸಿಗುತ್ತದೆ, ಎಲೆ ಬಾಡದ ಕರಿಬೇವೂ ಸಿಗುತ್ತದೆ. ಸಿಗದೇ ಇದ್ದದ್ದು ಒಂದೇ. "ಇನ್ನೊಂಚೂರು ಹಾಕ್ಕೋವಾ" ಎನ್ನುವ ಒಂದು ಬಾಯಿ.

ಆ ಬಾಯಿ ನಮ್ಮ ಮನೆಯಲ್ಲಿ ಆ ವರ್ಷದ ಯುಗಾದಿಗೆ ಮುಂಚೆಯೇ ಮುಚ್ಚಿತ್ತು. ನಾನು ಮದುವೆಯಾದವಳಲ್ಲ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗೃಹವಿಜ್ಞಾನ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ನಾನು, ಅವ್ವ, ಇಬ್ಬರೇ. ಎಂಬತ್ತೆರಡರ ಅವ್ವ ಒಲೆಯ ಮುಂದೆ ಕೂತು, ನಾನು ಒಲ್ಲೆ ಒಲ್ಲೆ ಎಂದಷ್ಟೂ ತಟ್ಟೆಗೆ ಹಾಕುತ್ತಿದ್ದಳು. ಅವಳು ಹೋದ ಮೇಲೆ ಇಲ್ಫರ್ಡಿನಲ್ಲಿರುವ ತಮ್ಮ ಸೀನ ಫೋನ್ ಮಾಡಿ, "ಒಬ್ಬಾಕಿನ ಕೂತು ಏನ್ ಮಾಡ್ತಿ ಅಕ್ಕಾ, ಬಾ ಇಲ್ಲೆ" ಎಂದ. ತೊಂಬತ್ತೆಂಟರ ಸೆಪ್ಟೆಂಬರಿನಲ್ಲಿ ಹೋದೆ. ರಾಣಿಯ ಅರಮನೆ, ದೊಡ್ಡ ಗಡಿಯಾರ, ಸೇತುವೆ ಎಲ್ಲ ನೋಡಿದೆ. ಕ್ಯಾಲೆಂಡರಿನಲ್ಲಿದ್ದ ಹಾಗೆಯೇ ಇವೆ. ಅವುಗಳ ಬಗ್ಗೆ ಬರೆಯುವುದು ಏನೂ ಇಲ್ಲ.

ಇಲ್ಫರ್ಡ್, ಮೊದಲ ವಾರಗಳು

ಸೀನ ಪಾರ್ಕ್ ರಾಯಲ್‌ನ ಒಂದು ಅಡಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿ ಅನ್ನ, ಸಾರು, ಪಲ್ಯ ಎಲ್ಲ ಪ್ಲಾಸ್ಟಿಕ್ ತಟ್ಟೆಗೆ ಬಿದ್ದು, ಮೇಲೊಂದು ಹಾಳೆ ಅಂಟಿಸಿಕೊಂಡು ಅಂಗಡಿಗಳಿಗೆ ಹೋಗುತ್ತವೆ. ಊರಿನ ಈ ತುದಿಯಿಂದ ಆ ತುದಿಗೆ ಟ್ಯೂಬಿನ ಪ್ರಯಾಣ, ಬೆಳಿಗ್ಗೆ ಐದೂವರೆಗೇ ಮನೆ ಬಿಡುತ್ತಿದ್ದ. ಅವನ ಹೆಂಡತಿ ಮಂಗಲಾಗೆ ಆಸ್ಪತ್ರೆಯೊಂದರ ಕಚೇರಿಯಲ್ಲಿ ಕೆಲಸ. ಅವಳು ಏಳೂವರೆಗೆ ಹೋಗುತ್ತಿದ್ದಳು. ಆಮೇಲೆ ಸಂಜೆಯ ತನಕ ಮನೆಯಲ್ಲಿ ನಾನು ಮತ್ತು ಫ್ರಿಜ್ಜು.

ಮಂಗಲಾ ಒಳ್ಳೆಯವಳು, ಹೆಸರಿಡುವ ಹಾಗಿಲ್ಲ. ರವಿವಾರ ಇಡೀ ನಿಂತು ವಾರದ ಅಡಿಗೆ ಮಾಡಿ, ಡಬ್ಬಿಗಳ ಮೇಲೆ ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸುತ್ತಿದ್ದಳು. "ಅಕ್ಕಾರ, ನಿಮ್ಮದು ಈ ಕಡೆ ಇಟ್ಟೀನಿ. ಮೈಕ್ರೋವೇವ್‌ನ್ಯಾಗ ಎರಡು ನಿಮಿಷ, ಅಷ್ಟ." ಬುಧವಾರದ ಡಬ್ಬಿಯನ್ನು ಮಂಗಳವಾರವೇ ಖಾಲಿ ಮಾಡಿದರೂ ಕೇಳುವವರಿಲ್ಲ, ಪೂರಾ ಬಿಟ್ಟರೂ ಕೇಳುವವರಿಲ್ಲ. ದಿನಕ್ಕೆ ಸಾವಿರಾರು ಮಂದಿಯ ಊಟ ತುಂಬಿಸಿ ಕಳಿಸುವ ನನ್ನ ತಮ್ಮ ಮನೆಗೆ ಬಂದು ಸಿಂಕಿನ ಪಕ್ಕ ನಿಂತೇ ಉಣ್ಣುತ್ತಿದ್ದ. "ಕೂಡೋ ಮಾರಾಯಾ" ಎಂದರೆ, "ಕೂತರ ಏಳಾಕ ಆಗೂದಿಲ್ಲ ಅಕ್ಕಾ" ಎನ್ನುತ್ತಿದ್ದ. ಹೌದು, ದಣಿದಿರುತ್ತಿದ್ದ.

ಮೂರನೇ ವಾರಕ್ಕೆ ನಾನು ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿಗೆ "ಹೌದೇನವಾ" ಎಂದು ಉತ್ತರ ಕೊಡಲು ಶುರುಮಾಡಿದ್ದೆ. ಊಟಕ್ಕೆ ಕೂತರೆ ಎರಡು ತುತ್ತಿಗೆ ಗಂಟಲು ಕಟ್ಟುತ್ತಿತ್ತು. ಹಸಿವು ಇತ್ತು, ಅನ್ನವೂ ಇತ್ತು, ಒಳಗೆ ಹೋಗುತ್ತಿರಲಿಲ್ಲ. ಸೀರೆಗೆ ಒಂದು ನಿರಿಗೆ ಹೆಚ್ಚಾಯಿತು.

ಬೇಲಿಯ ಆಚೆ

ಒಂದು ದಿನ ಡಬ್ಬಿಯ ಸಹವಾಸವೇ ಬೇಡವೆಂದು ಚಟ್ನಿಗೆ ಒಣಮೆಣಸಿನಕಾಯಿ ಹುರಿಯಲು ನಿಂತೆ. ಮೇಲೆ ಛಾವಣಿಗೆ ಅಂಟಿಸಿದ್ದ ಬಿಳಿ ಬಿಲ್ಲೆಯೊಂದು ಕಿಟಾರನೆ ಕಿರುಚಿಕೊಂಡಿತು. ಹೊಗೆ ಕಂಡರೆ ಕೂಗುವ ಯಂತ್ರ ಅದು ಎಂದು ನನಗೇನು ಗೊತ್ತು? ಒಲೆ ಆರಿಸಿ, ಸೆರಗು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದೆ. ಬೇಲಿಯ ಆಚೆ ಒಬ್ಬ ಮುದುಕಿ, ಹೂವಿನ ಏಪ್ರನ್ ಕಟ್ಟಿಕೊಂಡವಳು, ಕೈಬೀಸಿ ಕೂಗಿದಳು: "ಅದರ ಕೆಳಗ ಒಂದು ಅರಬಿ ಬೀಸ್ರಿ! ಬೀಸ್ರಿ!"

ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ಕಿವಿ ಆಕೆಯ ಮಾತನ್ನೆಲ್ಲ ಧಾರವಾಡದ ಮಾತಿಗೆ ತಿರುವಿಕೊಂಡೇ ಕೇಳುತ್ತಿತ್ತು. ಹಾಗೆಯೇ ಬರೆಯುತ್ತೇನೆ, ಇಲ್ಲದಿದ್ದರೆ ಆಕೆ ನನಗೇ ಕೇಳಿಸುವುದಿಲ್ಲ. ಅರಿವೆ ಬೀಸಿದೆ, ಯಂತ್ರ ಸುಮ್ಮನಾಯಿತು. ಹೊರಗೆ ಬಂದರೆ ಆಕೆ ಇನ್ನೂ ನಿಂತಿದ್ದಳು, ನಗುತ್ತಾ. ಆ ದೇಶದಲ್ಲಿ ನನ್ನನ್ನು ಕಾದು ನಿಂತ ಮೊದಲ ಮನುಷ್ಯಳು.

ಹೆಸರು ಐರೀನ್. ಅರವತ್ತೆಂಟು ವರ್ಷ. ಅದೇ ಮನೆಯಲ್ಲಿ ಹುಟ್ಟಿ, ಶಾಲೆಯೊಂದರ ಅಡಿಗೆಮನೆಯಲ್ಲಿ ಮಕ್ಕಳಿಗೆ ಬಡಿಸುವ ಕೆಲಸ ಮಾಡಿ ನಿವೃತ್ತಳಾಗಿದ್ದಳು. ನಾನೂ ಶಾಲೆಯಲ್ಲಿ ಅಡಿಗೆ ಕಲಿಸುತ್ತಿದ್ದೆ ಎಂದಾಗ ಬೇಲಿಗೆ ಮೊಣಕೈ ಊರಿದವಳು ತಾಸು ಹೊತ್ತು ಸರಿಯಲಿಲ್ಲ. ನನ್ನ ಸುಶೀಲಾ ಆಕೆಯ ಬಾಯಲ್ಲಿ ಸೂಸಿ ಆಯಿತು. ಹಿರಿಯಳನ್ನು ಬರೀ ಐರೀನ್ ಎನ್ನಲು ನನಗೆ ನಾಲಗೆ ಏಳಲಿಲ್ಲ. ಮನಸ್ಸಿನಲ್ಲೇ ಐರೀನಬಾಯಿ ಎಂದಿಟ್ಟುಕೊಂಡೆ. ಒಮ್ಮೆ ಬಾಯಿತಪ್ಪಿ "ಐರೀನಬಾಯಿ" ಎಂದು ಕರೆದುಬಿಟ್ಟೆ. ಆಕೆ 'ಬಾಯ್' ಎಂದು ತಿಳಿದು, ಕೈಬೀಸಿ ಒಳಗೆ ಹೊರಟೇ ಹೋದಳು! ಹಾಡಹಗಲೇ ನಾನೇ ಅಟ್ಟಿದಂತಾಯಿತು.

ಎರಡನೇ ಮಹಾಯುದ್ಧ ಶುರುವಾದಾಗ ಆಕೆ ಒಂಬತ್ತು ವರ್ಷದ ಹುಡುಗಿ. ಬೇಲಿ ಪಕ್ಕದ ಮಾತೆಲ್ಲ ಸುತ್ತಿ ಬಳಸಿ ಆ ಕಾಲದ ಊಟಕ್ಕೇ ಬಂದು ನಿಲ್ಲುತ್ತಿತ್ತು. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್ ಬೆಣ್ಣೆ, ಎರಡು ಔನ್ಸ್ ಚಹಾ, ಸಿಕ್ಕರೆ ಒಂದು ತತ್ತಿ. ಬಾಳೆಹಣ್ಣು ಕಣ್ಣಿಗೂ ಇಲ್ಲ. ಆಕೆಯ ತಾಯಿ ಮೂಲಂಗಿಯಂಥ ಬಿಳಿ ಗಡ್ಡೆಯೊಂದನ್ನು ಬೇಯಿಸಿ, ಕಿವುಚಿ, ಬಾಳೆಹಣ್ಣಿನ ವಾಸನೆಯ ಎಸೆನ್ಸ್ ಹಾಕಿ ಬ್ರೆಡ್ಡಿಗೆ ಸವರಿ ಕೊಡುತ್ತಿದ್ದಳಂತೆ.

"ಯುದ್ಧ ಮುಗಿದ ಮ್ಯಾಲೆ ಖರೇ ಬಾಳೆಹಣ್ಣು ತಿಂದೆ ನೋಡ್ರಿ. ಅಯ್ಯ, ನಮ್ಮವ್ವ ಮಾಡಿದ ಖೊಟ್ಟಿ ಹಣ್ಣಿನ ರುಚಿನ ಇರಲಿಲ್ಲ ಅದಕ್ಕ!"

ರೇಷನ್ ಎಂಬ ಮಾತು ಕೇಳಿ ನನಗೆ ಹಳೇ ಗೆಳತಿ ಸಿಕ್ಕಷ್ಟು ಖುಷಿಯಾಯಿತು. ನಮ್ಮಲ್ಲಿ ಇನ್ನೂ ಇದೆ, ಕಾರ್ಡು ಹಿಡಿದು ಸಕ್ಕರೆಗೆ, ಸೀಮೆಎಣ್ಣೆಗೆ ನಾನೇ ಪಾಳಿ ನಿಲ್ಲುತ್ತೇನೆ ಎಂದೆ. ಐರೀನಬಾಯಿಯ ಮುಖ ಸಣ್ಣದಾಯಿತು. ದನಿ ತಗ್ಗಿಸಿ ಕೇಳಿದಳು: "ಇನ್ನೂ? ಯಾರ ಜೋಡಿ ಯುದ್ಧ?"

"ಯಾರ ಜೋಡಿನೂ ಇಲ್ಲರೀ. ಪಾಳ್ಯಾಗ ನಿಂತ ಮಂದಿ ಜೋಡಿ ಅಷ್ಟ" ಎಂದೆ. ನಕ್ಕಳು. ಆದರೆ ಆ ಮಾತು ಆಕೆಯ ತಲೆಯಲ್ಲಿ ಉಳಿಯಿತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಐರೀನಬಾಯಿಯ ಊಟದ ಮೇಜು

ಮಾಂಸ ತಿನ್ನದವಳಿಗೆ ಏನು ಮಾಡಿ ಹಾಕುವುದು ಎಂದು ಆಕೆ ಪೇಚಾಡಲಿಲ್ಲ. "ಯುದ್ಧದಾಗ ನಮ್ಮ ಚಿಕ್ಕಮ್ಮಾನೂ ಮಾಂಸ ಬಿಟ್ಟಿದ್ದಳು. ಮಾಂಸದ ಪಾಲು ಬಿಟ್ಟವರಿಗೆ ಚೀಸ್ ಜಾಸ್ತಿ ಕೊಡತಿದ್ದರು, ಅದರ ಆಸೆಗೆ!" ಎಂದು ಹೇಳಿ ಒಂದು ಗುರುವಾರ ಊಟಕ್ಕೆ ಕರೆದಳು. ಯುದ್ಧದ ಕಾಲದ ತರಕಾರಿ ಪೈ. ಗಜ್ಜರಿ, ಬಟಾಟೆ, ಹೂಕೋಸು, ಓಟ್ಸ್ ಹಾಕಿ ಬೇಯಿಸಿ, ಮೇಲೊಂದು ಕಂದು ಹಿಟ್ಟಿನ ಹೊದಿಕೆ ಹಾಕಿ ಭಟ್ಟಿಯಲ್ಲಿಟ್ಟದ್ದು.

ಸುಳ್ಳು ಹೇಳುವುದಿಲ್ಲ. ಉಪ್ಪಿಲ್ಲ, ಖಾರವಿಲ್ಲ, ಜ್ವರ ಬಂದವರ ಪಥ್ಯದ ಹಾಗಿತ್ತು. ಆದರೆ ಎದುರಿಗೆ ಒಬ್ಬಳು ಕೂತಿದ್ದಳಲ್ಲ, ಗಂಟಲು ಕಟ್ಟಲಿಲ್ಲ. ತಟ್ಟೆ ಪೂರಾ ಉಂಡೆ, ಇನ್ನೂ ಹಸಿವಿತ್ತು. ಆಕೆ ತಾನು ಮಾತ್ರ ಬ್ರೆಡ್ಡಿನ ಒಂದು ಚೂರು ಮುರಿದು ತಿನ್ನುತ್ತಾ, "ನಂದು ಆಗಲೇ ಆಗೇದ" ಎಂದಳು. ಆಮೇಲೆ ದೊಡ್ಡ ಚಮಚ ಎತ್ತಿ ಕೇಳಿದಳು: "ಇನ್ನಷ್ಟು ಹಾಕಲೇನ್ರಿ?"

ಎಷ್ಟು ತಿಂಗಳ ಮೇಲೆ ಕೇಳಿದ ಮಾತು! ನಾನು ನಮ್ಮ ರೀತಿಯಂತೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಒಲ್ಲೆ ಒಲ್ಲೆ, ಸಾಕು" ಎಂದೆ. ಇನ್ನೊಮ್ಮೆ ಕೇಳುತ್ತಾಳೆ, ಇನ್ನೊಮ್ಮೆ ಒಲ್ಲೆ ಎನ್ನುತ್ತೇನೆ, ಆಮೇಲೆ ಬೀಳುತ್ತದೆ, ಆಗ "ಅಯ್ಯ ಇಷ್ಟ್ಯಾಕರೀ" ಎನ್ನಬೇಕು. ಎಲ್ಲ ಸಿದ್ಧ ಮಾಡಿಕೊಂಡು ಕೂತೆ. ಐರೀನಬಾಯಿ "ಸರಿ" ಎಂದು ಚಮಚ ಕೆಳಗಿಟ್ಟು, ಪೈಯ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಒಳಗಿನ ಕಪಾಟಿಗೆ ಒಯ್ದು ಇಟ್ಟೇಬಿಟ್ಟಳು. ನನ್ನ ಕೈ ಇನ್ನೂ ತಟ್ಟೆಯ ಮೇಲೆ ಅಡ್ಡ ಇತ್ತು. ಮನೆಗೆ ಬಂದು ಎರಡು ಹಿಡಿ ಅವಲಕ್ಕಿ ಮುಕ್ಕಿದೆ.

ನಮ್ಮ ಮನೆಯ ಗುರುವಾರ

ಉಂಡು ಬಂದ ಮೇಲೆ ಉಣಿಸಬೇಕಲ್ಲ. ಮುಂದಿನ ಗುರುವಾರ ಕರೆದೆ. ಹಿಂದಿನ ದಿನವೇ ಬಾಗಿಲು ಮುಚ್ಚಿ, ಆ ಬಿಳಿ ಬಿಲ್ಲೆಗೆ ಹೆದರುತ್ತಾ ಹೂರಣ ರುಬ್ಬಿದೆ. ಹೋಳಿಗೆ, ಕಟ್ಟಿನ ಸಾರು, ಬಟಾಟೆ ಪಲ್ಯ, ತುಪ್ಪ. ಅವ್ವ ಹೋದ ಮೇಲೆ ನಾನು ಹೋಳಿಗೆ ತಟ್ಟಿದ್ದು ಅದೇ ಮೊದಲು. ಬೆಳಗಿನಿಂದ ಹಾಡು ಗುನುಗುತ್ತಿದ್ದೆ ಎಂದು ಈಗ ನೆನೆಸಿಕೊಂಡರೆ ನಾಚಿಕೆ ಬರುತ್ತದೆ.

ಐರೀನಬಾಯಿ ಸರಿಯಾಗಿ ಹನ್ನೆರಡೂವರೆಗೆ ಬಂದಳು. ಕೂತವಳು ಚೀಲದಿಂದ ಒಂದು ಪುಟ್ಟ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳ ತೆರೆದರೆ ಸಕ್ಕರೆ. ಜೊತೆಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಬೆಣ್ಣೆಯ ಒಂದು ತುಣುಕು. "ಇದು ನಂದು, ನಿಮ್ಮದರಾಗ ಕೈ ಹಾಕೂದು ಬ್ಯಾಡ ಅಂತ" ಎಂದಳು.

ನನ್ನ ಮೈಯೆಲ್ಲ ಉರಿಯಿತು. ಏಕೆ ಉರಿಯಿತು ಎಂದು ಹೇಳಬೇಕಾದರೆ ನಮ್ಮ ಅಜ್ಜಿಯ ಮಾತು ಹೇಳಬೇಕು. ಅಜ್ಜಿ ಮಡಿಯ ಹೆಂಗಸು. ಬೇರೆ ಜಾತಿಯವರ ಮನೆಗೆ ಹೋಗುವ ಪ್ರಸಂಗ ಬಂದರೆ ಸೆರಗಿನ ಗಂಟಿನಲ್ಲಿ ತನ್ನ ಸಕ್ಕರೆ, ಕೈಯಲ್ಲಿ ತನ್ನ ನೀರಿನ ತಂಬಿಗೆ. ನಾನು ಏಳು ವರ್ಷದವಳಿದ್ದಾಗ ಅವಳ ಸಂಗಡ ಅಪ್ಪನ ಗೆಳೆಯರೊಬ್ಬರ ಮನೆಗೆ ಹೋಗಿದ್ದೆ. ಆ ಮನೆಯಾಕೆ ಲೋಟದ ತುಂಬ ಕೇಸರಿ ಹಾಲು ತಂದಿಟ್ಟಳು. ಅಜ್ಜಿ ಗಂಟು ಬಿಚ್ಚಿ, ತನ್ನ ಸಕ್ಕರೆ ಬಾಯಿಗೆ ಹಾಕಿಕೊಂಡು, ತನ್ನ ತಂಬಿಗೆಯ ನೀರು ಕುಡಿದು ಎದ್ದು ಬಂದಳು. ಬಾಗಿಲಲ್ಲಿ ನಿಂತ ಆ ಹೆಣ್ಣುಮಗಳ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಈಗ ಆ ಮುಖ ನನ್ನದಾಗಿತ್ತು. ಓಹೋ, ಕರಿಯರ ಮನೆಯ ಸಕ್ಕರೆ ಬಿಳಿಯಳಿಗೆ ನಡೆಯುವುದಿಲ್ಲ ಎಂದುಕೊಂಡೆ.

"ನಮ್ಮ ಮನಿ ಸಕ್ಕರಿ ನಿಮಗ ನಡಿಯೂದಿಲ್ಲೇನು?" ಎಂದು ಡಬ್ಬಿಯನ್ನು ಆಕೆಯ ಕಡೆಗೆ ತಳ್ಳಿದೆ. ನನ್ನ ಇಂಗ್ಲಿಷಿನಲ್ಲಿ ಅದು ಇನ್ನೂ ಒರಟಾಗಿ ಬಂದಿರಬೇಕು. ಆಕೆಯ ಕುತ್ತಿಗೆಯ ತನಕ ಕೆಂಪೇರಿತು. "ಹಂಗಲ್ಲ..." ಎಂದಳು. ಮತ್ತೇನು ಎಂದು ನಾನು ಕೇಳಲಿಲ್ಲ. ಒಂದು ಹೋಳಿಗೆ ಬಡಿಸಿದೆ. ಆಕೆ ತಲೆ ತಗ್ಗಿಸಿ, ಒಂದು ಪುಡಿಯೂ ಬಿಡದ ಹಾಗೆ ತಿಂದು, ತಟ್ಟೆ ಒರೆಸಿ, ಥ್ಯಾಂಕ್ಸ್ ಹೇಳಿ, ಡಬ್ಬಿ ಎತ್ತಿಕೊಂಡು ಹೋದಳು. ಹನ್ನೊಂದು ಹೋಳಿಗೆ ಉಳಿದವು. ಇನ್ನೊಂದು ಹಾಕಲೇ ಎಂದು, ಅವ್ವನ ಮಗಳಾದ ನಾನು, ಒಂದೇ ಒಂದು ಸಲವೂ ಕೇಳಲಿಲ್ಲ.

ಆಮೇಲೆ ಐದು ವಾರ ಬೇಲಿಯ ಹತ್ತಿರ ಹೋಗಲಿಲ್ಲ. ಆಕೆ ಬಟ್ಟೆ ಒಣಹಾಕಲು ಬಂದರೆ ನಾನು ಪರದೆಯ ಹಿಂದೆ ನಿಂತು ನೋಡುತ್ತಿದ್ದೆ. ಎರಡು ಸಲ ಆಕೆ ನಮ್ಮ ಕಿಟಕಿಯ ಕಡೆಗೆ ನೋಡಿದಳು. ಮೊದಲು ಒಬ್ಬಂಟಿಯಾಗಿದ್ದೆ, ಈಗ ಸಿಕ್ಕ ಒಬ್ಬಳನ್ನೂ ಕಳೆದುಕೊಂಡ ಒಬ್ಬಂಟಿ. ಸಂಜೆ ನಾಲ್ಕಕ್ಕೇ ಕತ್ತಲಾಗುವ ಕಾಲ ಬಂದಿತ್ತು. ಡಬ್ಬಿ ಬಿಸಿ ಮಾಡುವುದನ್ನೂ ಬಿಟ್ಟು ತಣ್ಣಗಿನದನ್ನೇ ನಾಲ್ಕು ತುತ್ತು ತಿಂದು ಮುಚ್ಚಿಡುತ್ತಿದ್ದೆ. ಸೀನನಿಗೆ ಏನೂ ಹೇಳಲಿಲ್ಲ.

ಥೇಮ್ಸ್ ದಾಟಿ, ಆಮೇಲೆ ಟೂಟಿಂಗ್

ನಾನು ಸೊರಗಿದ್ದು ಕಂಡು ಸೀನ ಒಂದು ರವಿವಾರ ಹೊರಗೆ ಎಳೆದುಕೊಂಡು ಹೋದ. ಹೊಳೆಯ ಆಚೆ ಯುದ್ಧದ ಸಾಮಾನು ಇಟ್ಟ ಒಂದು ಮ್ಯೂಸಿಯಂ ಇದೆ. ಅವನಿಗೆ ವಿಮಾನ ನೋಡುವ ಹುಚ್ಚು. ನಾನು ಕಾಲು ನೋಯುತ್ತದೆಂದು ಒಂದು ಮೂಲೆಯಲ್ಲಿ ಕೂತೆ. ಎದುರಿಗೆ ಆ ಕಾಲದ ಒಂದು ಅಡಿಗೆಮನೆಯನ್ನು ಹಾಗೇ ಜೋಡಿಸಿಟ್ಟಿದ್ದರು. ಗೂಡಿನಲ್ಲಿ ಸಾಲಾಗಿ ನಾಲ್ಕು ಪುಟ್ಟ ತಗಡಿನ ಡಬ್ಬಿಗಳು. ಮೇಲೆ ಚೀಟಿ: ಅಪ್ಪ, ಅಮ್ಮ, ಇಬ್ಬರು ಮಕ್ಕಳ ಹೆಸರು.

ನೋಡಿದ್ದೇ ತಡ, ಎದ್ದು ಹತ್ತಿರ ಹೋದೆ. ಅಲ್ಲಿ ನಿಂತಿದ್ದ ಮ್ಯೂಸಿಯಮ್ಮಿನ ಮುದುಕನನ್ನು ಇದೇನು ಎಂದು ಕೇಳಿದೆ. ಅವನು ಸಾವಕಾಶವಾಗಿ ವಿವರಿಸಿದ. ಪ್ರತಿಯೊಬ್ಬರ ವಾರದ ಸಕ್ಕರೆ ಅವರವರ ಡಬ್ಬಿಗೆ. ಯಾರದೇ ಮನೆಗೆ ಚಹಾಕ್ಕೆ ಹೋದರೂ ತಮ್ಮ ಡಬ್ಬಿ ತಾವು ಒಯ್ಯುವುದೇ ಆಗಿನ ಮರ್ಯಾದೆ. "ಇನ್ನೊಬ್ಬರ ಮನೆಯ ಸಕ್ಕರೆ ಹಾಕಿಕೊಂಡರೆ ಆ ಮನೆಯ ಕೂಸಿನ ಬಾಯಿಯಿಂದ ಕಸಿದ ಹಾಗೆ, ಮೇಡಂ. ಯುದ್ಧ ಮುಗಿದ ಮೇಲೂ ಒಂಬತ್ತು ವರ್ಷ ರೇಷನ್ ಇತ್ತಲ್ಲ, ರೂಢಿ ಕೈಬಿಡಲಿಲ್ಲ."

ನಮ್ಮಲ್ಲಿ ಇನ್ನೂ ಸಕ್ಕರೆ ರೇಷನ್ ಎಂದು ಹೇಳಿದವಳು ನಾನೇ! ಅಲ್ಲೇ ಗೋಡೆಗೆ ಆತು ನಿಂತೆ.

ಟೂಟಿಂಗ್‌ನ ಹೋಟೆಲಿನಲ್ಲಿ ದೋಸೆ ಮುಂದಿಟ್ಟುಕೊಂಡು ಸೀನನಿಗೆ ಎಲ್ಲ ಹೇಳಿದೆ. ಡಬ್ಬಿ, ಅಜ್ಜಿಯ ತಂಬಿಗೆ, ಐದು ವಾರದ ಮೌನ. ಹೇಳುತ್ತಾ ಅತ್ತೆ. ಮಾಣಿ ಖಾರ ಹೆಚ್ಚಾಯಿತೇನೋ ಎಂದು ನೀರು ತಂದಿಟ್ಟ. ಸೀನ ಕೈ ಒರೆಸಿಕೊಂಡು ನನ್ನನ್ನೇ ನೋಡಿದ.

"ಅಕ್ಕಾ, ಅಜ್ಜಿಗೆ ಪಾಸ್‌ಪೋರ್ಟ್ ಇರಲಿಲ್ಲ, ವೀಸಾ ಇರಲಿಲ್ಲ. ಆದರೂ ನಿನ್ನ ತಲ್ಯಾಗ ಕೂತು ಲಂಡನ್ ತನಕ ಬಂದಾಳ ನೋಡು."

ಬೈದಿದ್ದರೂ ಇಷ್ಟು ನಾಟುತ್ತಿರಲಿಲ್ಲ. ಆ ದಿನ ಅವನು ನನ್ನ ಎದುರು ಕೂತೇ ಉಂಡ ಎಂಬುದನ್ನೂ ಹೇಳಬೇಕು.

ಮತ್ತೆ ಇಲ್ಫರ್ಡ್

ಮರುದಿನ ಬೆಳಿಗ್ಗೆ ಒಂದು ಕಾಗದದಲ್ಲಿ ಎರಡು ಚಮಚ ಸಕ್ಕರೆ ಪೊಟ್ಟಣ ಕಟ್ಟಿಕೊಂಡು ಆಕೆಯ ಬಾಗಿಲು ತಟ್ಟಿದೆ. ಆಕೆ ತೆರೆದಳು. ನಾನು ಪೊಟ್ಟಣ ಮುಂದೆ ಹಿಡಿದು, "ನನ್ನ ಪಾಲು ತಂದೀನಿ" ಎಂದೆ. ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು. "ಬಾ ಒಳಗ, ಥಂಡಿ ಅದ" ಎಂದಳು. ಇಂಗ್ಲಿಷಿನಲ್ಲಿ ನೀವು, ನೀನು ಎರಡಕ್ಕೂ ಒಂದೇ ಮಾತು. ಅಲ್ಲಿಯ ತನಕ ಅದು ನನಗೆ ನೀವು ಎಂದು ಕೇಳುತ್ತಿತ್ತು. ಆವತ್ತಿನಿಂದ ನೀನು ಎಂದು ಕೇಳತೊಡಗಿತು.

ಅಜ್ಜಿಯ ಕಥೆ ಹೇಳಿ ತಪ್ಪಾಯಿತು ಎಂದೆ. ಆಕೆ ಬಹಳ ಹೊತ್ತು ಚಹಾ ಕಲಕಿದಳು. "ನೀ ಊರಿಂದ ತಂದ ರೇಷನ್ ಸಕ್ಕರಿ ಇರಬೇಕು, ನಾ ಹ್ಯಾಂಗ ತಿನ್ನಲಿ ಅಂತ ಮಾಡಿದೆ. ಆ ಡಬ್ಬಿ ನಮ್ಮವ್ವ ನನಗ ಕೊಟ್ಟದ್ದು" ಎಂದಳು. ಆಮೇಲೆ ನಾನು ಪೈಯ ದಿನದ ನನ್ನ ಅವಲಕ್ಕಿಯ ಕಥೆಯನ್ನೂ ಹೇಳಿಬಿಟ್ಟೆ. ನಮ್ಮಲ್ಲಿ ಮೊದಲನೇ ಒಲ್ಲೆ ಮರ್ಯಾದೆಗೆ, ಎರಡನೇ ಒಲ್ಲೆ ಬಡಿಸುವವರ ಮನಸ್ಸು ನೋಡಲಿಕ್ಕೆ, ಮೂರನೆಯದು ಮಾತ್ರ ಖರೇ ಒಲ್ಲೆ. ಅದಕ್ಕೂ ಕೆಲವರು ಬಿಡುವುದಿಲ್ಲ, ನಮ್ಮ ಅವ್ವನಂಥವರು. ಅವ್ವ ಹೋದ ಮೇಲೆ ನನಗೆ ಯಾರೂ ಎರಡನೇ ಸಲ ಕೇಳಿಲ್ಲ ಎಂದೆ.

ಐರೀನಬಾಯಿ ಕಣ್ಣರಳಿಸಿದಳು. "ಮೂರು ಸಲ? ಒಂದು ಸಲ ಕೇಳೂದಕ್ಕ ನಮ್ಮವ್ವ ಹೆದರತಿದ್ದಳು. ಹೂಂ ಅಂದುಬಿಟ್ಟರ ಎಲ್ಲಿಂದ ಹಾಕೂದು?"

ನನ್ನ ವಿಮಾನ ಮುಂದಿನ ಶನಿವಾರ. ಕೊನೆಯ ಗುರುವಾರ ಆಕೆ ಮತ್ತೆ ಪೈ ಮಾಡಿದಳು. ಈ ಸಲ ಉಪ್ಪಿತ್ತು, ನಾನು ಕೊಟ್ಟ ಖಾರಪುಡಿಯೂ ಇತ್ತು. ಒಂದೇ ಗೇಣಿನ ಪುಟ್ಟ ಪಾತ್ರೆ. ಅರ್ಧ ಕೊಯ್ದು ನನಗೆ ಬಡಿಸಿ, ಎದುರು ಕೂತಳು. ನಾನು ಉಣ್ಣುತ್ತಾ ಅವ್ವನ ಮಾತು, ಊರ ಮಾತು, ಬಾಯಿಗೆ ಬಂದದ್ದೆಲ್ಲ ಆಡಿದೆ. ತಟ್ಟೆ ಮುಗಿಯಿತು. ಆಕೆ ಎದ್ದು ನಿಂತು ಚಮಚ ಹಿಡಿದಳು, ಶಾಲೆಯಲ್ಲಿ ಮಕ್ಕಳ ಸಾಲಿನ ಮುಂದೆ ಹೀಗೇ ನಿಲ್ಲುತ್ತಿದ್ದಳೇನೋ.

"ಇನ್ನಷ್ಟು ಹಾಕಲೇನು, ಸೂಸಿ?"

"ಒಲ್ಲೆ."

ಒಂದು ಬೆರಳು ಮಡಚಿದಳು. "ಹಾಕಲೇನು?"

"ಒಲ್ಲೆ, ಒಲ್ಲೆ." ನಗು ತಡೆಯಲಾಗಲಿಲ್ಲ.

ಎರಡನೇ ಬೆರಳು. "ಇನ್ನೊಂಚೂರು ಹಾಕ್ಕೋವಾ." ಇಂಗ್ಲಿಷಿನಲ್ಲಿ ಏನೆಂದಳೋ, ನನಗೆ ಕೇಳಿದ್ದು ಹಾಗೆಯೇ. ಬಾಯಿ ತೆರೆದೆ, ಮೂರನೇ ಒಲ್ಲೆ ಹೊರಡಲಿಲ್ಲ. ಪೈ ನನ್ನ ತಟ್ಟೆಗೆ ಬಿತ್ತು. ಕಣ್ಣು ಮಂಜಾಗಿ, ಗಬಗಬ ಎರಡು ತುತ್ತು ಉಂಡ ಮೇಲೆಯೇ ಮೇಜಿನ ಕಡೆ ನೋಡಿದ್ದು. ಪಾತ್ರೆ ಖಾಲಿ. ಆಕೆಯ ತಟ್ಟೆ ತೊಳೆದಿಟ್ಟ ಹಾಗೆ ಒಣಗಿತ್ತು. ಪಕ್ಕದಲ್ಲಿ ಬ್ರೆಡ್ಡಿನ ಒಂದು ಚೂರು.

"ನಿನ್ನದೆಲ್ಲಿ?" ಎಂದೆ.

"ನಂದು ಆಗಲೇ ಆಗೇದ" ಎಂದಳು, ಮೊದಲ ದಿನ ಅಂದ ಹಾಗೆಯೇ.

ಆಗ ಗೊತ್ತಾಯಿತು. ಆಕೆಯ ಕೈ ಅಳತೆಯ ಕೈ, ಇಬ್ಬರಿಗೆಂದರೆ ಎರಡೇ ಪಾಲು. ಮೊದಲ ದಿನ ಒಂದೇ ಸಲ ಕೇಳಿದ್ದೂ ತನ್ನ ಪಾಲನ್ನೇ. ಹತ್ತಕ್ಕೂ ಹೆಚ್ಚು ವರ್ಷ ಸಕ್ಕರೆಯ ಕಾಳು ಎಣಿಸಿ ಬೆಳೆದವಳು ಅದನ್ನು ನನಗೆ ಮೂರು ಸಲ ಕೇಳಿ ಹಾಕಿದ್ದಳು. ನಾನು ಉಂಡ ತಟ್ಟೆ, ಎಂಜಲು. ಎಂಜಲನ್ನು ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿಲ್ಲ, ಹೆತ್ತವಳು ಮಕ್ಕಳಿಗೆ ಕೊಟ್ಟರುಂಟು. ಅಜ್ಜಿ ಇದ್ದಿದ್ದರೆ ಮೂರು ದಿನ ನನ್ನನ್ನು ಒಳಗೆ ಸೇರಿಸುತ್ತಿರಲಿಲ್ಲ. ಉಳಿದದ್ದನ್ನು ನನ್ನ ಚಮಚದಿಂದಲೇ ಅರ್ಧ ಮಾಡಿ ಆಕೆಯ ತಟ್ಟೆಗೆ ಹಾಕಿದೆ.

ಐರೀನಬಾಯಿ ಒಂದು ಸಲವೂ ಒಲ್ಲೆ ಅನ್ನಲಿಲ್ಲ.